ಅಕ್ಕಿಗೆ ಬರುವ ಹೆಬ್ಬೆಟ್ಟು

ನಮ್ಮ ಅಕ್ಕನ ಹಲ್ಲಿನ ದುಡ್ಡು ಕದ್ದವನು ನಮ್ಮೂರ ಅಂಗಡಿಯವನೇ. ಮಿಷನ್ ಕೆಟ್ಟಿತ್ತು, ಸರ್ವರ್ ಕೈಕೊಟ್ಟಿತ್ತು, ಮುದುಕಿಗೆ ಮರೆವು ಬಂದಿರಬೇಕು ಎಂದು ಊರಿನಲ್ಲಿ ಈಗಲೂ ಹೇಳುವವರಿದ್ದಾರೆ. ಹೇಳಿಕೊಳ್ಳಲಿ. ಕಳ್ಳತನ ಅಂದರೆ ಕಳ್ಳತನ. ಅವನಿಗೆ ಬಾಗಿಲು ತೆರೆದುಕೊಟ್ಟವಳು ನಾನು. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಮೇಲೆ ಯಾರಾದರೂ ಹುಡುಕಿ ತೆಗೆದು ನನ್ನ ಮುಖಕ್ಕೆ ಹಿಡಿಯುವುದು ಬೇಡ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಜಗಳೂರು ತಾಲೂಕಿನ ಸೊಕ್ಕೆ ಕಡೆಯವರು ನಾವು. ಇಬ್ಬರನ್ನೂ ನ್ಯಾಮತಿ ಹತ್ತಿರದ ಈ ಊರಿಗೆ, ಒಂದೇ ಮನೆಯ ಅಣ್ಣ ತಮ್ಮಂದಿರಿಗೆ ಕೊಟ್ಟರು. ಹಾಗಾಗಿ ಅವಳು ನನಗೆ ಅಕ್ಕನೂ ಹೌದು, ವಾರಗಿತ್ತಿಯೂ ಹೌದು. ಜಗಳ ಆಡಲು ಎರಡೆರಡು ಸಂಬಂಧ. ಈಗ ಗಂಡಂದಿರಿಬ್ಬರೂ ಇಲ್ಲ. ಅಕ್ಕ ತನ್ನ ಮಗ ಸೊಸೆಯ ಜೊತೆ ಇದ್ದಾಳೆ, ಗೋಡೆಯ ಈಚೆ ನಾನು ನನ್ನ ಮಗ ಸೊಸೆ ಮೊಮ್ಮಕ್ಕಳ ಜೊತೆ ಇದ್ದೇನೆ. ಗೋಡೆ ಗಿಡ್ಡದು. ಅವಳು ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುವ ಸದ್ದು ನನ್ನ ಅಡುಗೆ ಮನೆಗೇ ಕೇಳುತ್ತದೆ.

ಕುಟ್ಟುವುದು ಯಾಕೆಂದರೆ ಅವಳಿಗೆ ಹಲ್ಲಿಲ್ಲ. ಕೊನೆಯದು ಬಿದ್ದು ಮೂರು ವರ್ಷವಾಯಿತು. ಜಗಳೂರು ಸೀಮೆಯಲ್ಲಿ ಹುಟ್ಟಿದವಳಿಗೆ ಜೋಳದ ರೊಟ್ಟಿ ಕಡಕ್ ಎಂದು ಮುರಿಯಬೇಕು. ಈಗ ಅದನ್ನು ಸಾರಿನಲ್ಲಿ ಮುಳುಗಿಸಿ, ಗಂಜಿ ಮಾಡಿಕೊಂಡು, ಮುಖ ಕಿವಿಚಿಕೊಂಡು ನುಂಗುತ್ತಾಳೆ. ಹಲ್ಲಿನ ಸೆಟ್ಟು ಕಟ್ಟಿಸಿಕೊಳ್ಳುತ್ತೇನೆ ಎಂದಾಗ ಅವಳ ಮಗ, "ಈ ವಯಸ್ಸಿಗೆ ಹಲ್ಲು ಯಾಕವ್ವ, ಯಾರನ್ನ ಕಚ್ಚಾಕೆ?" ಎಂದ. ತಮಾಷೆಗೇ ಅಂದದ್ದು. ಆದರೆ ಅಕ್ಕ ಅದನ್ನು ಗಂಟು ಹಾಕಿಕೊಂಡಳು. ಯಾರ ಮುಂದೆಯೂ ಕೈಯೊಡ್ಡುವುದಿಲ್ಲ, ನನ್ನ ಪೆನ್ಷನ್ನಿನಲ್ಲೇ ಕಟ್ಟಿಸಿಕೊಳ್ಳುತ್ತೇನೆ ಎಂದಳು. ಅವಳ ಹೆಸರಿಗೆ ಬರುವ ದುಡ್ಡು ಅದೊಂದೇ. ತಿಂಗಳಿಗೆ ಐನೂರು ತೆಗೆದುಕೊಂಡು, ಉಳಿದದ್ದನ್ನು ಬ್ಯಾಂಕಿನಲ್ಲೇ ಬಿಡತೊಡಗಿದಳು. ಎರಡು ವರ್ಷ ಬಿಟ್ಟಳು.

ಇನ್ನು ನನ್ನ ಪಾಲಿನ ದಡ್ಡತನ. ನಾನು ಮೂರನೇ ಕ್ಲಾಸಿನವರೆಗೆ ಓದಿದವಳು. ಸಹಿ ಮಾಡಲು ಬರುತ್ತದೆ. ಅಕ್ಕನಿಗೆ ಅದೂ ಇಲ್ಲ, ಹೆಬ್ಬೆಟ್ಟು. ಈ ಸಹಿಯ ಜಂಬ ನನಗೆ ಎಷ್ಟಿತ್ತೆಂದರೆ, ಬಸ್ಸು ಹತ್ತಿ ನ್ಯಾಮತಿಗೆ ಹೋಗಿ, ಬ್ಯಾಂಕಿನಲ್ಲಿ ಫಾರಂ ತುಂಬಿ, ಎಲ್ಲರೂ ನೋಡುವಂತೆ ನಿಧಾನವಾಗಿ ಸಹಿ ಹಾಕಿ ನನ್ನ ದುಡ್ಡು ತರುತ್ತಿದ್ದೆ. ಅಕ್ಕನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದೆ. ಅವಳ ಮೊಣಕಾಲು ಕೆಟ್ಟ ಮೇಲೆ ಬಸ್ಸು ಹತ್ತಿಸುವುದು, ಇಳಿಸುವುದು ನನಗೇ ಬೇಸರವಾಯಿತು. "ಬಸ್ ಸ್ಟಾಂಡಿನ ಅಂಗಡ್ಯಾಗೆ ಮಿಷನ್ ಬಂದೈತೆ, ಅಲ್ಲೇ ತಗೋ ನಡಿ," ಎಂದು ನಾನೇ ಕೈ ಹಿಡಿದು ಕರೆದುಕೊಂಡು ಹೋದೆ.

ಅಂಗಡಿಯೆಂದರೆ ಜೆರಾಕ್ಸು, ರೀಚಾರ್ಜು, ಬಿಸ್ಕತ್ತು, ಮೂಲೆಯಲ್ಲಿ ಹೆಬ್ಬೆಟ್ಟು ಒತ್ತಿ ಬ್ಯಾಂಕಿನ ದುಡ್ಡು ತೆಗೆಯುವ ಮಿಷನ್. ಅಂಗಡಿಯವನು ನಲವತ್ತರ ಗಂಡಸು, ಇದೇ ಊರಿನವನು, ನಮ್ಮ ಮನೆಗಳಲ್ಲಿ ಉಂಡು ಬೆಳೆದವನು. ಅಕ್ಕನನ್ನು ಕಂಡ ಕೂಡಲೇ ಕುರ್ಚಿ ಎಳೆದು ಕೊಟ್ಟ.

"ಬಾ ದೊಡ್ಡವ್ವ, ಕುಂದ್ರು. ನಾನಿರಾಗ ನೀನ್ಯಾಕೆ ಬಸ್ ಹತ್ತಿ ಸಾಯ್ಬೇಕು? ಫೋನ್ ಐತಾ ನಿನ್ನ ಹತ್ರ?"

"ಅವಳಿಗ್ಯಾವ ಫೋನಪ್ಪ," ಎಂದೆ ನಾನು.

"ಹಂಗಾದ್ರೆ ಖಾತೆಗೆ ನನ್ನ ನಂಬರೇ ಹಾಕಿಸ್ತೀನಿ ಬಿಡ್ರಿ. ದುಡ್ಡು ಬಂದ ಮೆಸೇಜ್ ನನಗೆ ಬರುತ್ತೆ. ನಾನೇ ಮನೆ ತಂಕ ಬಂದು ಹೇಳ್ತೀನಿ."

"ಹಾಕಪ್ಪ, ನಿನಗೆ ಪುಣ್ಯ ಬರುತ್ತೆ."

ಅಂದವಳು ನಾನು. ಅವನು ಒಂದು ಫಾರಂ ತುಂಬಿದ, ಅಕ್ಕನ ಹೆಬ್ಬೆಟ್ಟು ಒತ್ತಿಸಿದ. ಕೋಳಿ ಕಾಯಲು ನರಿಯನ್ನು ಕೂರಿಸಿ, ಅದಕ್ಕೆ ಪುಣ್ಯವನ್ನೂ ಹಾರೈಸಿ ಬಂದ ಹಾಗಾಯಿತು.

ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಒಂದೇ ಕಥೆ. ಅಕ್ಕ ಮಿಷನ್ ಮೇಲೆ ಹೆಬ್ಬೆಟ್ಟು ಇಡುತ್ತಾಳೆ. ಅವನು ಫೋನು ನೋಡುತ್ತಾನೆ, ತಲೆ ಅಲ್ಲಾಡಿಸುತ್ತಾನೆ.

"ಬರ್ಲಿಲ್ಲ ದೊಡ್ಡವ್ವ. ಇನ್ನೊಂದ್ಸಲ ಒತ್ತು."

ಅವಳು ಸೆರಗಿನಿಂದ ಒರೆಸಿಕೊಂಡು ಮತ್ತೆ ಒತ್ತುತ್ತಾಳೆ.

"ಊಹೂಂ. ಅಡಿಕೆ ಸುಲಿದು ಸುಲಿದು ನಿನ್ನ ಬೆರಳಿನ ಗೆರೆಯೆಲ್ಲ ಸವೆದು ಹೋಗ್ಯಾವೆ. ಇನ್ನೊಂದ್ಸಲ."

ಕೊನೆಯ ಒತ್ತಿಗೆ ಬಂತು ಎಂದು ಐನೂರು ಎಣಿಸಿ ಕೊಡುತ್ತಾನೆ. ಗೆರೆ ಸವೆದ ಮಾತನ್ನು ನಾವು ನಂಬಿದೆವು. ಯಾಕೆಂದರೆ ಅದರಲ್ಲಿ ನಿಜವೂ ಇತ್ತು. ಎಷ್ಟೋ ವರ್ಷ ಸುಗ್ಗಿಯಲ್ಲಿ ನಾವಿಬ್ಬರೂ ಚನ್ನಗಿರಿ ತಾಲೂಕಿನ ನಲ್ಲೂರು ಕಡೆಗೆ ಟೆಂಪೋ ಹತ್ತಿ ಅಡಿಕೆ ಸುಲಿಯಲು ಹೋಗುತ್ತಿದ್ದೆವು. ಆ ಕಪ್ಪು ಕಲೆ ಇವತ್ತಿಗೂ ಅವಳ ಉಗುರಿನಿಂದ ಹೋಗಿಲ್ಲ. ಅಕ್ಕನಿಗಂತೂ ಇದೊಂದು ಹೆಮ್ಮೆಯೇ ಆಗಿಬಿಟ್ಟಿತು. ಬಂದವರಿಗೆಲ್ಲ ಹೆಬ್ಬೆಟ್ಟು ತೋರಿಸಿ, "ದುಡಿದು ಸವೆದ ಕೈ ಇದು, ಮಿಷನ್ನಿಗೂ ತಿಳಿಯಲ್ಲ," ಎನ್ನುವಳು. ದುಡ್ಡು ತೆಗೆಯುವ ಹಿಂದಿನ ದಿನ ಕೊಬ್ಬರಿ ಎಣ್ಣೆ ತಿಕ್ಕಿ, ಹೆಬ್ಬೆಟ್ಟಿಗೆ ಬಟ್ಟೆ ಸುತ್ತಿಕೊಂಡು ಕೂರುವಳು. ಯಾರೋ ಹೇಳಿದರೆಂದು ಅರಿಶಿನವನ್ನೂ ಹಚ್ಚಿದಳು.

"ಎಣ್ಣೆ ಅರಿಶಿನ ಹಚ್ಚಿ ಹೆಬ್ಬೆಟ್ಟಿಗೆ ಮದುವೆ ಮಾಡ್ತಿದ್ದೀಯೇನಕ್ಕ?" ಎಂದು ನಾನು ನಗಾಡುತ್ತಿದ್ದೆ. ನಗಾಡಿದೆನೇ ಹೊರತು ಬುದ್ಧಿ ಓಡಿಸಲಿಲ್ಲ.

ಚೀಟಿ ಕೇಳಿದರೆ, "ರೋಲ್ ಖಾಲಿಯಾಗೈತೆ ದೊಡ್ಡವ್ವ, ನಾಳೆ ತರಿಸ್ತೀನಿ," ಎನ್ನುವನು. ಎರಡು ವರ್ಷದಲ್ಲಿ ಆ ನಾಳೆ ಬರಲಿಲ್ಲ.

ಈ ವರ್ಷ ಬೇಸಿಗೆಗೆ ಮುಂಚೆ ಹೊನ್ನಾಳಿಗೆ ಹೋದೆವು. ಅಲ್ಲಿ ಹಲ್ಲು ಕಟ್ಟುವ ಸಾಬರೊಬ್ಬರಿದ್ದಾರೆ, ವಯಸ್ಸಾದವರು, ಕೈ ಮೃದು. ಅಕ್ಕನ ಬಾಯಿಗೆ ಗುಲಾಬಿ ಬಣ್ಣದ ಮೇಣದಂಥದ್ದನ್ನು ಇಟ್ಟು, "ಕಚ್ಚಿ ಹಿಡ್ಕೊಳ್ಳಿ ಅಮ್ಮಾ. ಐದು ನಿಮಿಷ ಮಾತಾಡಬಾರ್ದು," ಎಂದರು.

"ಅರವತ್ತು ವರ್ಷದಿಂದ ನಾನೂ ಅದನ್ನೇ ಹೇಳ್ತಿದ್ದೀನ್ರಿ," ಎಂದೆ.

ಮೇಣ ಕಚ್ಚಿಕೊಂಡೇ ಅಕ್ಕ ನನ್ನ ತೊಡೆಗೆ ಹೊಡೆದಳು. ಅಚ್ಚು ಚೆನ್ನಾಗಿ ಬಂತು. ಅರ್ಧ ದುಡ್ಡು ತಂದುಕೊಟ್ಟರೆ ಕೆಲಸ ಶುರು ಮಾಡುತ್ತೇನೆ, ಹದಿನೈದು ದಿನಕ್ಕೆ ರೊಟ್ಟಿ ತಿನ್ನಬಹುದು ಎಂದರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅಕ್ಕ ಪಕ್ಕದಲ್ಲಿ ಕೂತವಳಿಗೂ ಹೇಳಿದಳು, ಹಿಂದೆ ಕೂತವಳಿಗೂ ಹೇಳಿದಳು.

ಮರುದಿನ ಅಂಗಡಿಗೆ ಹೋಗಿ, ಇದ್ದದ್ದೆಲ್ಲ ತೆಗೆದುಕೊಡಪ್ಪ ಎಂದರೆ, ಸರ್ವರ್ ಇಲ್ಲ. ಮಾರನೆಯ ದಿನವೂ ಸರ್ವರ್ ಇಲ್ಲ. ಮೂರನೆಯ ದಿನ ಸರ್ವರ್ ಇತ್ತಂತೆ, ಅಕ್ಕನ ಹೆಬ್ಬೆಟ್ಟು ಬರಲಿಲ್ಲವಂತೆ. ನಾಲ್ಕು ಸಲ ಒತ್ತಿಸಿ, "ಇವತ್ತು ಪೂರಾ ಸವೆದಂಗೆ ಕಾಣ್ತದೆ. ಹದಿನೈದು ದಿನ ಬಿಟ್ಟು ಬಾ," ಎಂದ.

ಅಲ್ಲಿಂದ ನೆಟ್ಟಗೆ ಸೊಸೈಟಿಗೆ ಬಂದೆವು. ಅವತ್ತು ರೇಷನ್ ಕೊಡುವ ದಿನ. ಅಲ್ಲೂ ಹೆಬ್ಬೆಟ್ಟಿನ ಮಿಷನ್ ಇದೆ, ಅದೂ ಒಂದು ಹಳೇ ಡಬ್ಬಿ. ಅಕ್ಕ ಎಣ್ಣೆಯಿಲ್ಲದೆ, ಅರಿಶಿನವಿಲ್ಲದೆ, ಬಿಸಿಲಲ್ಲಿ ನಡೆದು ಬಂದ ಬೆವರಿನಲ್ಲೇ ಹೆಬ್ಬೆಟ್ಟು ಇಟ್ಟಳು. ಡಬ್ಬಿ ಕೀಂ ಎಂದಿತು. ಚೀಟಿ ಹೊರಗೆ ಬಂತು.

"ಆಯ್ತು ಅಜ್ಜಿ, ಚೀಲ ಹಿಡಿ," ಎಂದ ಸೊಸೈಟಿಯವನು.

ನಾನು ಚೀಲ ಹಿಡಿಯಲಿಲ್ಲ. ಕೇಳಿದೆ, "ನಮ್ಮಕ್ಕನ ಹೆಬ್ಬೆಟ್ಟು ಯಾವಾಗ್ಲೂ ಒಂದೇ ಸಲಕ್ಕೆ ಬರುತ್ತಾ?"

"ಈಕೆದಾ? ಮೊದಲನೇ ಸಲಕ್ಕೇ ಬರುತ್ತೆ. ನಿಂದೇ ಎರಡು ಸಲ ಒತ್ತಿಸ್ಬೇಕು."

ಅಕ್ಕ ಅಕ್ಕಿ ಅಳೆಯುವುದನ್ನೇ ನೋಡುತ್ತಿದ್ದಳು. ನಾನು ಅವಳ ರಟ್ಟೆ ಹಿಡಿದು ತಿರುಗಿಸಿದೆ.

"ಅಲ್ಲಕ್ಕ, ಅಕ್ಕಿಗೆ ಬರೋ ಹೆಬ್ಬೆಟ್ಟು ದುಡ್ಡಿಗೆ ಯಾಕೆ ಬರಲ್ಲ?"

"ಮಿಷನ್ ಬ್ಯಾರೆ ಬ್ಯಾರೆ ಇರ್ತವೆ."

"ಬೆರಳು ಒಂದೇ ಅಲ್ಲೇನು?"

"ತಕ್ಕಡಿ ನೋಡು, ಕಡಿಮೆ ಹಾಕ್ಯಾನು," ಎಂದಳು. ಅರ್ಧ ಕಿಲೋ ಅಕ್ಕಿಗೆ ಇಷ್ಟು ಹುಷಾರು.

ಮರುದಿನ ಅವಳನ್ನು ಬಸ್ಸಿಗೆ ಹತ್ತಿಸಿ ನ್ಯಾಮತಿಯ ಬ್ಯಾಂಕಿಗೆ ಎಳೆದುಕೊಂಡು ಹೋದೆ. ಎರಡು ವರ್ಷದಿಂದ ಎಂಟ್ರಿ ಹಾಕಿಸದ ಪಾಸ್‌ಬುಕ್ಕು, ಎಲೆ ಅಡಿಕೆ ಚೀಲದ ತಳದಲ್ಲಿತ್ತು. ಸುಣ್ಣ ಮೆತ್ತಿಕೊಂಡಿತ್ತು. ಕೌಂಟರಿನಲ್ಲಿದ್ದ ಹೆಣ್ಣುಮಗಳು ಅದನ್ನು ಒರೆಸಿ, ಮಿಷನ್ನಿಗೆ ಕೊಟ್ಟು, ಹೊರಬಂದ ಹಾಳೆಗಳನ್ನು ಕಂಪ್ಯೂಟರಿನ ಪರದೆಯ ಜೊತೆ ತಾಳೆ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅಜ್ಜಿ, ತಿಂಗಳಿಗೆ ಎಷ್ಟು ಸಲ ದುಡ್ಡು ತೆಗೀತೀರಿ?"

"ಒಂದು ಸಲ."

"ಇಲ್ಲಿ ಪ್ರತಿ ತಿಂಗಳೂ ಒಂದೇ ದಿನ ಎರಡು ಸಲ, ಮೂರು ಸಲ ತೆಗೆದಿದೆ. ಎರಡೆರಡು ನಿಮಿಷದ ಅಂತರ."

ಒಂದು ಒತ್ತಿಗೆ ಒಂದು ಸಲ. 'ಬರಲಿಲ್ಲ' ಎಂದಾಗಲೆಲ್ಲ ಬಂದಿತ್ತು. ಅವಳ ಕೈಗೆ ಬಂದಿರಲಿಲ್ಲ, ಅಷ್ಟೇ. ಹಲ್ಲಿಗೆಂದು ಬಿಟ್ಟಿದ್ದರಲ್ಲಿ ಎಲೆ ಅಡಿಕೆಗೆ ಆಗುವಷ್ಟು ಉಳಿದಿತ್ತು.

ಖಾತೆಗೆ ಇದ್ದ ಫೋನ್ ನಂಬರನ್ನು ಆ ಹೆಣ್ಣುಮಗಳು ಓದಿದಳು. ನಾನು ಅಲ್ಲೇ ನನ್ನ ಫೋನಿನಲ್ಲಿ ಒತ್ತಿದೆ. ರಿಂಗಿನ ಬದಲು ಒಂದು ಭಕ್ತಿಗೀತೆ ಹಾಡಿತು. ಊರಿಗೆಲ್ಲ ಗೊತ್ತಿರುವ ಅವನ ಹಾಡು. ಎರಡು ಸಾಲು ಕೇಳಿ ಕಟ್ ಮಾಡಿದೆ. ನಾನೇ ಹಾಕಪ್ಪ ಎಂದಿದ್ದ ನಂಬರು, ಯಾರನ್ನು ಬೈಯಲಿ?

ಹೆಣ್ಣುಮಗಳು ಒಳ್ಳೆಯವಳು. ಬಿಡಿಸಿ ಹೇಳಿದಳು. ದೂರು ಬರೆದು ಕೊಡಿ. ಈ ನಂಬರು ತೆಗೆಸಿ. ಹೆಬ್ಬೆಟ್ಟಿನಲ್ಲಿ ದುಡ್ಡು ತೆಗೆಯುವ ದಾರಿಯನ್ನೇ ಈ ಖಾತೆಗೆ ಮುಚ್ಚಿಸಿ, ಆಮೇಲೆ ಇಲ್ಲಿಗೇ ಬಂದು ತೆಗೆದುಕೊಳ್ಳಿ. ಪೊಲೀಸರಿಗೂ ಇವತ್ತೇ ಹೇಳಿ, ತಡ ಮಾಡಿದಷ್ಟೂ ಕಷ್ಟ. "ಎಲ್ಲದಕ್ಕೂ ಈ ಅಜ್ಜಿಯೇ ಹೆಬ್ಬೆಟ್ಟು ಒತ್ತಬೇಕು. ಖಾತೆ ಇವರದ್ದು. ನೀವು ಒತ್ತಿದರೆ ನಡೆಯಲ್ಲ."

ಅಕ್ಕ ಎದ್ದು ನಿಂತಳು. "ನಡಿ ಮನೆಗೆ."

"ಕುಂದ್ರು. ಅರ್ಜಿ ಬರೀತೀನಿ."

"ಅರ್ಜಿ ಕೊಟ್ರೆ ಇದನ್ನೂ ನಿಲ್ಲಿಸ್ತಾರೆ. ಬರೋ ಪೆನ್ಷನ್ನೂ ಹೋದ್ರೆ ನೀನು ಕೊಡ್ತೀಯಾ? ಸೊಸಿ ಹತ್ರ ಎಲೆ ಅಡಿಕಿಗೆ ಕೈ ಚಾಚ್ಲಾ ನಾನು?"

ನಿಲ್ಲುವುದಿಲ್ಲ ಎಂದು ಹೆಣ್ಣುಮಗಳು ಹೇಳಿದಳು, ನಾನೂ ಹೇಳಿದೆ. ಯಾರ ಮಾತೂ ಅವಳ ಕಿವಿಗೆ ಹೋಗಲಿಲ್ಲ. ಬಾಗಿಲ ಹತ್ತಿರ ಹೋಗಿಯಾಗಿತ್ತು.

ಬಸ್ಸಿನಲ್ಲಿ ನನಗೆ ಬಂದ ಸಿಟ್ಟನ್ನು ಹೇಳತೀರದು. ಕದ್ದವನ ಮೇಲೆ ಅರ್ಧ, ಇವಳ ಮೇಲೆ ಅರ್ಧ.

"ಜ್ವರ ಬಂದು ಮಲಗಿದ್ದಾಗ ಮಿಷನ್ ಹಿಡ್ಕೊಂಡು ಮನಿಗೇ ಬಂದಿದ್ದ," ಎಂದಳು ಅಕ್ಕ. "ಎಳನೀರು ತಂದಿದ್ದ. ಹೆತ್ತ ಮಗ ತರ್ಲಿಲ್ಲ."

"ಅವತ್ತು ಎಷ್ಟು ಸಲ ಒತ್ತಿಸ್ಕೊಂಡ?"

"ಜ್ವರದಾಗೆ ಯಾರು ಎಣಿಸ್ತಾರೆ?"

ಪಾಸ್‌ಬುಕ್ಕಿನಲ್ಲಿ ಎಣಿಸಿದ್ದರು. ಮೂರು ಸಲ. ಅಷ್ಟು ದುಬಾರಿ ಎಳನೀರನ್ನು ಈ ಜಿಲ್ಲೆಯಲ್ಲಿ ಯಾರೂ ಕುಡಿದಿರಲಾರರು. ಹಾಗೆಂದೆ. ಆಗ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡು, ಜೋರಿಲ್ಲದೆ ಹೇಳಿದಳು:

"ಕರ್ಕೊಂಡು ಹೋದಾಕಿ ನೀನೇ."

ನಾನು ಪಾಸ್‌ಬುಕ್ಕನ್ನು ಮಡಚಿ ಅವಳ ಎಲೆ ಅಡಿಕೆ ಚೀಲಕ್ಕೆ ತುರುಕಿದೆ.

ಬ್ಯಾಂಕಿನಿಂದ ಕೊಟ್ಟ ನನ್ನ ಮಿಸ್ಡ್ ಕಾಲ್ ಅವನ ಫೋನಿನಲ್ಲಿ ಉಳಿದಿತ್ತಲ್ಲ. ಬ್ಯಾಂಕಿನ ಹತ್ತಿರ ನಮ್ಮನ್ನು ಕಂಡವರೂ ಯಾರೋ ಹೇಳಿರಬೇಕು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಕ್ಕನ ಮನೆಗೆ ಬಂದೇ ಬಿಟ್ಟ. ಜೊತೆಗೆ ಹೆಂಡತಿ, ಇನ್ನೊಬ್ಬರು ಊರಿನ ಹಿರಿಯರು, ಬಗಲಲ್ಲಿ ಒಂದು ಪ್ಲಾಸ್ಟಿಕ್ ಕವರು. ನಾನೂ ಗೋಡೆ ಸುತ್ತಿ ಹೋಗಿ ಬಾಗಿಲಲ್ಲಿ ಕೂತೆ.

"ಮಿಷನ್ ತಪ್ಪು ದೊಡ್ಡವ್ವ," ಎಂದು ಶುರು ಮಾಡಿದ. "ಒತ್ತಿದ್ದು ಡಬಲ್ ಆಗಿ ಹೋಗ್ಯಾವೆ. ನನ್ನ ಗಮನಕ್ಕೇ ಬರ್ಲಿಲ್ಲ."

"ಎರಡು ವರ್ಷ ಗಮನಕ್ಕೆ ಬರ್ಲಿಲ್ಲಾ?" ಎಂದೆ. "ನಿನ್ನ ಖಾತೆಗೆ ಬಂದು ಬಿದ್ದಿದ್ದೂ ಗಮನಕ್ಕೆ ಬರ್ಲಿಲ್ಲಾ?"

"ಚಿಕ್ಕವ್ವ, ನೀನು ಸುಮ್ನಿರು," ಎಂದ ಅಕ್ಕನ ಮಗ. "ದಿನಾ ಬೆಳಗಾದ್ರೆ ಮುಖ ನೋಡೋರು. ಕೋರ್ಟು ಕಚೇರಿ ಅಂತ ಅಲೆಯಾಕೆ ಯಾರಿಗೆ ಪುರುಸೊತ್ತೈತೆ?"

ಹಿರಿಯರು ಗಂಟಲು ಸರಿಮಾಡಿಕೊಂಡರು. "ಏನೋ ಆಗಿದ್ದು ಆಗಿ ಹೋತು. ಅರ್ಧ ತಂದಾನೆ. ಉಳಿದಿದ್ದು ನಿಧಾನಕ್ಕೆ ಕೊಡ್ತಾನೆ. ಊರಾಗಿನ ಮಾತು ಊರಾಗೇ ಮುಗೀಲಿ."

ಹೆಂಡತಿ ಅಕ್ಕನ ಕಾಲು ಹಿಡಿದುಕೊಂಡು ಅತ್ತಳು. ಆ ಹೆಣ್ಣಿಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ ಎಂದು ನನಗೆ ಅನ್ನಿಸಿತು. ಆದರೆ ಅಳು ನೋಡಿ ಅಕ್ಕನ ಮುಖ ಸಡಿಲವಾಗುವುದನ್ನೂ ಕಂಡೆ. ಅವಳ ಕಣ್ಣು ಕವರಿನ ಮೇಲಿತ್ತು. ಅರ್ಧ ದುಡ್ಡೆಂದರೆ ಹೊನ್ನಾಳಿಯ ಸಾಬರು ಕೆಲಸ ಶುರು ಮಾಡುತ್ತಾರೆ, ಹದಿನೈದು ದಿನಕ್ಕೆ ರೊಟ್ಟಿ. ಅದನ್ನು ಅವಳು ಲೆಕ್ಕ ಹಾಕುತ್ತಿದ್ದಾಳೆಂದು ನನಗೆ ಗೊತ್ತು. ನನ್ನ ಕೆಲಸ ಕೆಟ್ಟಿತು ಅಂದುಕೊಂಡೆ.

ಅವನೇ ಕೆಡಿಸಿಕೊಂಡ. ಕವರನ್ನು ಅಕ್ಕನ ಮಡಿಲಿಗಿಟ್ಟು, ಜೇಬಿನಿಂದ ಮಡಚಿದ ಒಂದು ಛಾಪಾ ಕಾಗದ ತೆಗೆದು ಚಾಪೆಯ ಮೇಲೆ ಬಿಡಿಸಿದ. ಜೊತೆಗೆ ಇಂಕ್ ಪ್ಯಾಡು.

"ಏನಪ್ಪ ಇದು?" ಎಂದಳು ಅಕ್ಕ.

"ಏನಿಲ್ಲ ದೊಡ್ಡವ್ವ. ನಿನಗೂ ನನಗೂ ಏನೂ ಬಾಕಿ ಇಲ್ಲ ಅಂತ. ಇಲ್ಲೊಂದು ಹೆಬ್ಬೆಟ್ಟು ಒತ್ತಿಬಿಡು, ಮುಗೀತು."

ನಾನು ಕಾಗದ ಕಿತ್ತುಕೊಳ್ಳಬೇಕೆಂದು ಏಳುವಷ್ಟರಲ್ಲಿ ಅಕ್ಕ ಬಲಗೈಯನ್ನು ಎತ್ತಿ ದೀಪಕ್ಕೆ ಹಿಡಿದಳು. ಹೆಬ್ಬೆಟ್ಟನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಆಮೇಲೆ ನಾಲ್ಕು ಬೆರಳೊಳಗೆ ಅದನ್ನು ಮುಚ್ಚಿ ಮುಷ್ಟಿ ಕಟ್ಟಿದಳು.

"ಇವತ್ತು ಬರಲ್ಲಪ್ಪ," ಎಂದಳು. "ಸವೆದು ಹೋಗೈತೆ. ಸರ್ವರೂ ಇಲ್ಲ."

ಸೊಸೆ ಒಳಗಿನಿಂದ ಕಿಸಕ್ಕನೆ ನಕ್ಕಳು. ಹಿರಿಯರು ಏನೋ ಹೇಳಲು ಬಂದರು. ಅಕ್ಕ ಕವರನ್ನು ಎಡಗೈಯಲ್ಲಿ ಎತ್ತಿ ಅವನ ಹೆಂಡತಿಯ ಕೈಗೆ ಕೊಟ್ಟಳು. "ಇಟ್ಕೊಳವ್ವ. ಎಣಿಸಾಕೆ ನನಗೆ ಬರಲ್ಲ. ಬ್ಯಾಂಕಿನೋರು ಎಣಿಸಿ ಕೊಡ್ತಾರೆ."

ಅವರು ಹೋದ ಮೇಲೆ ಮಗ ಕೂಗಾಡಿದ. ಬಂದ ದುಡ್ಡು ಬಿಟ್ಟೆ, ನಿನಗೆ ಬುದ್ಧಿಯಿಲ್ಲ, ಚಿಕ್ಕವ್ವನ ಮಾತು ಕೇಳಿ ಕೆಟ್ಟೆ ಎಂದ. ಅವಳು ಕುಟ್ಟಾಣಿ ಎಳೆದುಕೊಂಡು ಕುಟ್ಟತೊಡಗಿದಳು. ನಾನು ಬಾಗಿಲು ದಾಟುವಾಗ, "ಮೊದಲನೇ ಬಸ್ ಎಷ್ಟೊತ್ತಿಗೆ?" ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ಮೊಮ್ಮಗಳ ನೋಟ್‌ಬುಕ್ಕಿನ ನಡುವಿನಿಂದ ಜೋಡಿ ಹಾಳೆ ಕಿತ್ತುಕೊಂಡು, ಒಲೆಯ ಮುಂದೆ ಕೂತು ಬರೆದೆ. ಅಕ್ಕನ ಹೆಬ್ಬೆಟ್ಟು ಸೊಸೈಟಿಯಲ್ಲಿ ಒಂದೇ ಸಲಕ್ಕೆ ಬರುತ್ತದೆ, ಅಂಗಡಿಯಲ್ಲಿ ಮೂರು ಸಲ ಒತ್ತಿಸಿಕೊಂಡು ಮೂರು ಸಲ ದುಡ್ಡು ತೆಗೆದಿದ್ದಾನೆ, ನಂಬರು ಅವನದು, ಹಾಕು ಎಂದದ್ದು ನಾನು, ದುಡ್ಡು ವಾಪಸ್ಸು ಕೊಡಿಸಬೇಕು. ಇಷ್ಟೇ. ಅಕ್ಷರ ಸೊಟ್ಟಗಿತ್ತು. ಹಾಗೇ ಇನ್ನೊಂದು ಹಾಳೆಗೂ ಇಳಿಸಿದೆ. ಸೊಸೈಟಿಯ ಚೀಟಿಯನ್ನು ಮೊದಲನೇ ಹಾಳೆಗೆ ಗುಂಡುಪಿನ್ನಿನಿಂದ ಸಿಕ್ಕಿಸಿದೆ.

ಬ್ಯಾಂಕು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದೆವು. ಹೆಣ್ಣುಮಗಳು ಅವತ್ತು ರಜ. ಬೇರೆ ಒಬ್ಬರು ಕನ್ನಡಕದವರಿದ್ದರು. ಅರ್ಜಿ ಓದಿದರು, ಹಾಳೆಗಳನ್ನು ನೋಡಿದರು, ನಂಬರು ತೆಗೆಸುವ ಫಾರಮ್ಮು, ಹೆಬ್ಬೆಟ್ಟಿನ ದಾರಿ ಮುಚ್ಚುವ ಫಾರಮ್ಮು ತಂದರು. ಇಂಕ್ ಪ್ಯಾಡು ಮುಂದಕ್ಕೆ ತಳ್ಳಿದರು. ಅಕ್ಕ ಅರ್ಜಿಯ ಮೇಲೆ ಹೆಬ್ಬೆಟ್ಟು ಒತ್ತಿದಳು.

ಅವರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, "ಸರಿಯಾಗಿ ಬಂದಿಲ್ಲ ಅಜ್ಜಿ. ಇನ್ನೊಂದು ಸಲ ಒತ್ತಿ," ಎಂದರು.

ಅಕ್ಕ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಬಂದೈತೆ. ಸರಿಯಾಗಿ ನೋಡ್ರಿ."

ಅವರು ನನ್ನ ಮುಖ ನೋಡಿದರು. ನಾನು, "ಬಂದೈತ್ರಿ," ಎಂದೆ. ಮತ್ತೆ ನೋಡಿದರು. ಗೆರೆಗಳೆಲ್ಲ ಕಾಣುತ್ತಿದ್ದವು. ಮುಂದಿನ ಎರಡು ಫಾರಮ್ಮುಗಳ ಮೇಲೂ ಅವಳು ಒಂದೊಂದೇ ಸಲ ಒತ್ತಿದಳು. ಅವರು ಮೂರನ್ನೂ ಫೈಲಿಗೆ ಸೇರಿಸಿದರು.

ಎರಡನೇ ಹಾಳೆಯನ್ನು ನಾನು ಕೌಂಟರಿನೊಳಗೆ ತಳ್ಳಿದೆ. ಇದಕ್ಕೆ ಸೀಲು ಹಾಕಿ, ತಾರೀಖು ಬರೆದು ಕೊಡಿ, ಪೊಲೀಸ್ ಠಾಣೆಗೆ ಬೇಕು ಎಂದೆ. ಸೀಲು ಒಳಗಿದೆ, ಮಧ್ಯಾಹ್ನದ ಮೇಲೆ ಬನ್ನಿ ಎಂದರು. ನಾನು ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿ, ಸೀಲು ಹೊರಗೆ ಬರುವವರೆಗೆ ಕೌಂಟರಿನ ಮುಂದೆಯೇ ನಿಂತೆ.